ಸುಳಿಗಳು ತೂತಿಗೆ ಬೀಳ್ತಿವೆಯಾ ಇಲ್ಲವಾ? ನಯೋಬಿಯಂ ಫಿಲ್ಮ್ ಲೆಕ್ಕ ತಾಳೆಯಾಗ್ತಿಲ್ಲ

ನಯೋಬಿಯಂ_ಪರದಾಟ:
ಎಲ್ಲರಿಗೂ ನಮಸ್ಕಾರ. ಎರಡು ವಾರದಿಂದ ಒಂದೇ ಗ್ರಾಫ್ ನೋಡಿ ನೋಡಿ ತಲೆ ಕೆಟ್ಟಿದೆ. ಸ್ಪಟರಿಂಗ್‌ನಲ್ಲಿ ಹಾಕಿದ ನಯೋಬಿಯಂ ಫಿಲ್ಮ್ (ತಣ್ಣಗಾದಾಗ ರೋಧವಿಲ್ಲದೆ ಕರೆಂಟ್ ಹರಿಸುವ ಅತಿವಾಹಕ), 100 ನ್ಯಾನೊಮೀಟರ್ ದಪ್ಪ. ಎಲೆಕ್ಟ್ರಾನ್ ಬೀಮ್ ಲಿಥೋಗ್ರಫಿ ಮಾಡಿ ಚೌಕ ಸಾಲುಗಳಲ್ಲಿ ತೂತು ಕೊರೆದಿದ್ದೇನೆ. ತೂತಿನ ಅಗಲ 200 ನ್ಯಾನೊಮೀಟರ್, ನಡುವಿಂದ ನಡುವಿಗೆ 500.

ಲೆಕ್ಕ ಸುಲಭ. ಕಾಂತಕ್ಷೇತ್ರ ಫಿಲ್ಮಿನೊಳಗೆ ಸುಳಿಗಳಾಗಿ (ಸುತ್ತುವ ಕರೆಂಟಿನ ಪುಟ್ಟ ಕಂಬಗಳಾಗಿ) ನುಗ್ಗುತ್ತದೆ. ಒಂದು ಸುಳಿ ಅಂದರೆ ಒಂದು ಫ್ಲಕ್ಸ್ ಕ್ವಾಂಟಮ್ (ಕಾಂತಹರಿವಿನ ಕನಿಷ್ಠ ಪಾಲು), 2.07 ಮಿಲಿಟೆಸ್ಲಾ ಚದರ ಮೈಕ್ರೋಮೀಟರ್. ಒಂದೊಂದು ತೂತಿನ ಪಾಲಿಗೆ ಕಾಲು ಚದರ ಮೈಕ್ರೋಮೀಟರ್ ಜಾಗ. ಭಾಗಿಸಿದರೆ 8.27 ಮಿಲಿಟೆಸ್ಲಾ. ಆ ಕ್ಷೇತ್ರದಲ್ಲಿ ತೂತಿಗೊಂದು ಸುಳಿ ಕೂತು ಅಲುಗಾಡದೆ ರೋಧ ಕುಸಿಯಬೇಕು, ಅಲ್ವಾ?

ಆಗಿದ್ದೇ ಬೇರೆ. 4.2 ಕೆಲ್ವಿನ್‌ನಲ್ಲಿ ಏನೂ ಇಲ್ಲ, ವೋಲ್ಟೇಜ್ ಸೊನ್ನೆಗೆ ಅಂಟಿಕೊಂಡಿದೆ. 8.5 ಕೆಲ್ವಿನ್‌ಗೆ ಏರಿಸಿದಾಗ (ನನ್ನ ಫಿಲ್ಮಿನ ಟಿಸಿ, ಅಂದರೆ ಅತಿವಾಹಕತೆ ಶುರುವಾಗುವ ಉಷ್ಣತೆ, 8.6) ರೋಧದ ಗ್ರಾಫಿನಲ್ಲಿ ತಗ್ಗುಗಳು ಬಂದವು. ಆದರೆ ಒಂದು ಕಡೆ +10.0 ಮಿಲಿಟೆಸ್ಲಾ, ಇನ್ನೊಂದು ಕಡೆ −6.5. ಎರಡನೇ ಜೋಡಿ +18.3 ಮತ್ತು −14.8. ಯಾವುದೂ 8.27 ಅಲ್ಲ. ಗೈಡ್ ನೋಡಿ "ತೂತು ಸರಿಯಿಲ್ಲ, ಇನ್ನೊಂದು ಸ್ಯಾಂಪಲ್ ಮಾಡು" ಅಂದುಬಿಟ್ಟರು. ನಿಜವಾಗಿ ತೂತಿನದ್ದೇ ತಪ್ಪಾ?

ಗೂಟ:
ಹೊಸ ಸ್ಯಾಂಪಲ್ ಮಾಡಬೇಡಿ! ಒಂದು ನಿಮಿಷ ತಡೆಯಿರಿ.

ತಣ್ಣನೆತಂತಿ:
ಒಂದೇ ಪ್ರಶ್ನೆ. ಮಧ್ಯದ ದೊಡ್ಡ ತಗ್ಗು ಎಲ್ಲಿದೆ? ಸೊನ್ನೆಯಲ್ಲೇ ಇದೆಯಾ?

ನಯೋಬಿಯಂ_ಪರದಾಟ:
ಅದು ಸೊನ್ನೆ ಹತ್ತಿರ ಇದೆ ಸರ್. ಸರಿಯಾಗಿ ನೋಡಿ ಹೇಳುತ್ತೇನೆ.

ನಯೋಬಿಯಂ_ಪರದಾಟ:
ಅಯ್ಯೋ. +1.7 ಹತ್ತಿರ ಇದೆ. ಅಗಲವಾಗಿ ಇದ್ದುದರಿಂದ ಸೊನ್ನೆ ಎಂದೇ ಅಂದುಕೊಂಡಿದ್ದೆ.

ತಣ್ಣನೆತಂತಿ:
ಸಿಕ್ಕಿತಲ್ಲ. (ಮತ್ತೆ, ನಾನು ಸರ್ ಅಲ್ಲ.) +10.0 ಮತ್ತು −6.5 ಕೂಡಿ ಎರಡರಿಂದ ಭಾಗಿಸಿ: 1.75. +18.3 ಮತ್ತು −14.8 ಕೂಡ ಹಾಗೇ ಮಾಡಿ: ಅದೂ 1.75. ನಿಮ್ಮ ಇಡೀ ಗ್ರಾಫ್ 1.75 ಮಿಲಿಟೆಸ್ಲಾ ಬಲಕ್ಕೆ ಜರುಗಿ ಕೂತಿದೆ, ಅಷ್ಟೇ. ಜರುಗಿದ್ದನ್ನು ಕಳೆದರೆ ಮೊದಲ ತಗ್ಗು 8.25ರಲ್ಲಿ, ಎರಡನೆಯದು 16.55ರಲ್ಲಿ. ಇನ್ನೇನು ಬೇಕು ನಿಮಗೆ? ಅಂಗೈ ಹುಣ್ಣಿಗೆ ಕನ್ನಡಿ ಬೇಕಾ?

ನೀವು ಬಳಸಿದ್ದು ಸೂಪರ್‌ಕಂಡಕ್ಟಿಂಗ್ ಮ್ಯಾಗ್ನೆಟ್ ತಾನೇ? ಅದಕ್ಕೂ ಮೊದಲು ಯಾರಾದರೂ ಅದನ್ನು ದೊಡ್ಡ ಕ್ಷೇತ್ರಕ್ಕೆ ಏರಿಸಿದ್ದರಾ?

ನಯೋಬಿಯಂ_ಪರದಾಟ:
ಹೌದು ಮೇಡಂ, ಕ್ಷಮಿಸಿ. ಹಿಂದಿನ ದಿನ ಲ್ಯಾಬಿನ ಇನ್ನೊಬ್ಬರು ಬೇರೆ ಸ್ಯಾಂಪಲ್‌ಗೆ 5 ಟೆಸ್ಲಾ ತನಕ ಹೋಗಿ ನೇರವಾಗಿ ಸೊನ್ನೆಗೆ ಇಳಿಸಿದ್ದರು.

ತಣ್ಣನೆತಂತಿ:
ಮ್ಯಾಗ್ನೆಟ್ಟಿನ ತಂತಿಯೂ ಅತಿವಾಹಕವೇ, ಅದರೊಳಗೂ ಸುಳಿಗಳು ಸಿಕ್ಕಿಹಾಕಿಕೊಂಡಿವೆ. ಕರೆಂಟ್ ಸೊನ್ನೆ ಮಾಡಿದರೂ ಅವು ಬಿಟ್ಟು ಹೋಗುವುದಿಲ್ಲ. ಅದಕ್ಕೇ ಪವರ್ ಸಪ್ಲೈ ಸೊನ್ನೆ ತೋರಿಸುತ್ತಿದ್ದರೂ ಸ್ಯಾಂಪಲ್ ಇರುವ ಜಾಗದಲ್ಲಿ ಒಂದೆರಡು ಮಿಲಿಟೆಸ್ಲಾ ಉಳಿದಿರುತ್ತದೆ. ನೀವು ಅಳೆಯಲು ಹೊರಟ ಸಂಗತಿಯೇ ನಿಮ್ಮ ಮ್ಯಾಗ್ನೆಟ್ಟಿನಲ್ಲಿ ಕೂತು ನಿಮ್ಮನ್ನು ಆಟ ಆಡಿಸಿದೆ :)

ಇನ್ನು ಮುಂದೆ ಅಳೆಯುವ ಮೊದಲು ಕ್ಷೇತ್ರವನ್ನು ಆ ಕಡೆ ಈ ಕಡೆ ತೂಗಿಸಿ, ಪ್ರತಿ ಸಲ ಸ್ವಲ್ಪ ಕಡಿಮೆ ಮಾಡುತ್ತಾ ಸೊನ್ನೆಗೆ ತನ್ನಿ. 30 ಮಿಲಿಟೆಸ್ಲಾ ಒಳಗಿನ ಕೆಲಸಕ್ಕೆ ಸಾದಾ ತಾಮ್ರದ ಸುರುಳಿ ಇನ್ನೂ ಒಳ್ಳೆಯದು.

ಸುಮ್ನೆಓದುವವ:
ಇದು ಭೂಮಿಯ ಕಾಂತಕ್ಷೇತ್ರ ಇರಬಹುದಲ್ಲ?

ಗೂಟ:
ಅದು ಸುಮಾರು 0.05 ಮಿಲಿಟೆಸ್ಲಾ. 1.75ರ ಮುಂದೆ ಏನೂ ಅಲ್ಲ. ಆದರೆ ತೂತುಗಳ ಅಂತರ 5 ಮೈಕ್ರೋಮೀಟರ್ ಇದ್ದರೆ ಮೊದಲ ತಗ್ಗು 0.083ಕ್ಕೇ ಬರುತ್ತಿತ್ತು. ಆಗ ಭೂಮಿಯೂ ಲೆಕ್ಕ ಕೆಡಿಸುತ್ತಿತ್ತು.

ಲೆಕ್ಕದಮೇಷ್ಟ್ರು:
8.25 ಬಂತು, 8.27 ಬೇಕಿತ್ತು, ಆಹಾ ಎಂದು ಕುಣಿಯುವ ಮೊದಲು ಒಂದು ಮಾತು. ಕ್ಷೇತ್ರ ಅಂತರದ ವರ್ಗಕ್ಕೆ ವಿಲೋಮ. 8.25 ಎಂದರೆ ಅಂತರ 500.6 ನ್ಯಾನೊಮೀಟರ್ ಆಯಿತು. ಒಂದು ನ್ಯಾನೊಮೀಟರ್‌ಗೂ ಕಡಿಮೆ ವ್ಯತ್ಯಾಸ. ನಿಮ್ಮ ಎಲೆಕ್ಟ್ರಾನ್ ಮೈಕ್ರೋಸ್ಕೋಪಿನ ಅಳತೆಯೇ ಅಷ್ಟು ನಂಬಿಕೆಗೆ ಅರ್ಹ ಅಲ್ಲ, ಮ್ಯಾಗ್ನೆಟ್ಟಿನ ಅಂಕಿಯಂತೂ ಅಲ್ಲವೇ ಅಲ್ಲ ಎಂದು ಈಗಷ್ಟೇ ಗೊತ್ತಾಯಿತು. ತೂತು ಸರಿಯಾಗಿದೆ ಎನ್ನಿ, ಒಪ್ಪುತ್ತೇನೆ. ಅಷ್ಟು ಕರಾರುವಾಕ್ಕಾಗಿ ಹೊಂದಿದ್ದು ಅದೃಷ್ಟ.

ನಯೋಬಿಯಂ_ಪರದಾಟ:
ಹಾಗಾದರೆ 4.2 ಕೆಲ್ವಿನ್‌ನಲ್ಲಿ ಏಕೆ ಏನೂ ಕಾಣಲಿಲ್ಲ? ತಣ್ಣಗಿದ್ದಷ್ಟೂ ಸುಳಿಗಳು ಗಟ್ಟಿಯಾಗಿ ಕೂರಬೇಕಲ್ಲ?

ಗೂಟ:
ಗಟ್ಟಿಯಾಗಿಯೇ ಕೂತಿವೆ. ನಿಮ್ಮ ಪುಟ್ಟ ಕರೆಂಟಿಗೆ ಜಗ್ಗಲಿಲ್ಲ, ಅದಕ್ಕೇ ವೋಲ್ಟೇಜ್ ಸೊನ್ನೆ. ಸುಳಿ ಚಲಿಸಿದರೆ ಮಾತ್ರ ವೋಲ್ಟೇಜ್. ಅಷ್ಟು ತಣ್ಣಗೆ ಕ್ರಿಟಿಕಲ್ ಕರೆಂಟ್ (ಸುಳಿಗಳು ಜಗ್ಗಲು ಶುರುವಾಗುವ ಕರೆಂಟ್) ಅಳೆಯಬೇಕು, ರೋಧ ಅಲ್ಲ.

ತಣ್ಣನೆತಂತಿ:
ಕರೆಂಟ್ ಏರಿಸಿದ್ದರೂ ಅಲ್ಲಿ ತಗ್ಗುಗಳು ಚೆನ್ನಾಗಿ ಕಾಣುತ್ತಿರಲಿಲ್ಲ. ಕಾರಣ ತೂತು ಒಂದೇ ಗೂಟ ಅಲ್ಲ. ಸ್ಪಟರಿಂಗ್ ಫಿಲ್ಮ್ ಎಂದರೆ ಚಿಕ್ಕ ಚಿಕ್ಕ ಹರಳಿನ ಕಣಗಳ ಗುಂಪು. ಅವುಗಳ ಅಂಚುಗಳೂ ಸುಳಿಯನ್ನು ಹಿಡಿಯುತ್ತವೆ. ಕಡಿಮೆ ಉಷ್ಣತೆಯಲ್ಲಿ ಸುಳಿಯ ತಿರುಳು ಚಿಕ್ಕದು. ನಿಮ್ಮಂಥ ಫಿಲ್ಮಿಗೆ ಸೊನ್ನೆ ಕೆಲ್ವಿನ್‌ನಲ್ಲಿ ಕೊಹೆರೆನ್ಸ್ ಉದ್ದ (ತಿರುಳಿನ ಗಾತ್ರದ ಅಳತೆ) ಸುಮಾರು 10 ನ್ಯಾನೊಮೀಟರ್ ಎಂದು ಹಿಡಿಯೋಣ, 4.2ರಲ್ಲಿ 14 ಆಗುತ್ತದೆ. ಅಷ್ಟು ಸಣ್ಣ ತಿರುಳಿಗೆ ಎಲ್ಲಿ ನೋಡಿದರೂ ಕೂರಲು ಜಾಗ. ನಿಮ್ಮ ಅಂದದ ಚೌಕ ಸಾಲಿಗೆ ಯಾರೂ ಬೆಲೆ ಕೊಡುವುದಿಲ್ಲ. 8.5ರಲ್ಲಿ ಅದೇ ತಿರುಳು 93ಕ್ಕೆ ಉಬ್ಬುತ್ತದೆ. ಆಗ ಸಣ್ಣಪುಟ್ಟ ಕೊರಕಲುಗಳು ಅದರ ಕೆಳಗೆ ಮುಚ್ಚಿಹೋಗುತ್ತವೆ, ದೊಡ್ಡ ತೂತು ಮಾತ್ರ ಉಳಿಯುತ್ತದೆ.

ಇನ್ನೊಂದು ತೊಂದರೆ ಇದೆ. ಪಿನ್ನಿಂಗ್ (ಸುಳಿಯನ್ನು ಹಿಡಿದಿಡುವುದು) ಜೋರಾಗಿದ್ದರೆ ಸುಳಿಗಳು ಅಂಚಿನಿಂದ ಒಳಗೆ ಬರುವಾಗಲೇ ಅಲ್ಲಲ್ಲೇ ನಿಲ್ಲುತ್ತವೆ. ಅಂಚಲ್ಲಿ ದಟ್ಟ, ಮಧ್ಯದಲ್ಲಿ ವಿರಳ. ಒಂದು ಕಡೆ ತೂತಿಗೆ ಒಂದು, ಇನ್ನೊಂದು ಕಡೆ ಅರ್ಧ. ಹೊಂದಾಣಿಕೆ ಎಲ್ಲಿಂದ ಬರಬೇಕು?

ಸುಮ್ನೆಓದುವವ:
ನಾನು ಹೊರಗಿನವ, ತಪ್ಪು ತಿಳಿಯಬೇಡಿ. ಕಾಂತೀಯ ಸುಳಿ ಅಂದರೆ ಪರ್ಮಲಾಯ್ (ನಿಕ್ಕಲ್-ಕಬ್ಬಿಣದ ಮಿಶ್ರಲೋಹ) ತಟ್ಟೆಗಳಲ್ಲಿ ಬರುತ್ತದಲ್ಲ ಅದೇನಾ? ನಾನು ಅದನ್ನು ಓದಿದ್ದೆ.

ಗೂಟ:
ಅದಲ್ಲ. ಅಲ್ಲಿ ಸುತ್ತುವುದು ಅಣುಕಾಂತಗಳ ದಿಕ್ಕು. ನಡುವಿನ ಪುಟ್ಟ ತಿರುಳಲ್ಲಿ ಕಾಂತತ್ವ ಮೇಲಕ್ಕೋ ಕೆಳಕ್ಕೋ ತಿರುಗಿ ನಿಲ್ಲುತ್ತದೆ. 2000ದಲ್ಲಿ ಅದನ್ನು ಕಣ್ಣಿಗೆ ಕಾಣುವಂತೆ ತೋರಿಸಿದರು. ಇಲ್ಲಿ ಸುತ್ತುವುದು ಕರೆಂಟ್. ನಡುವೆ ಅತಿವಾಹಕತೆಯೇ ಇಲ್ಲದ ಸಣ್ಣ ಕಂಬ, ಅದರ ಮೂಲಕ ಒಂದೇ ಒಂದು ಕ್ವಾಂಟಮ್ ಕಾಂತಹರಿವು. ಹೆಸರು ಒಂದೇ, ಊರು ಬೇರೆ.

ಪದಚಿಂತಕ:
ಇದನ್ನೇ ನಾನು ಹೇಳುವುದು, ವೋರ್ಟೆಕ್ಸ್‌ಗೆ ಸುಳಿ ಚೆನ್ನಾಗಿದೆ. ಆದರೆ ಪಿನ್ನಿಂಗ್‌ಗೆ ಏಕೆ ಎಲ್ಲರೂ ಪಿನ್ನಿಂಗ್ ಎಂದೇ ಬರೆಯುತ್ತೀರಿ? ಗೂಟ ಎನ್ನಿ, ಗೂಟಕ್ಕೆ ಕಟ್ಟುವುದು ಎನ್ನಿ. ಇಲ್ಲಿ ಒಬ್ಬರ ಹೆಸರೇ ಗೂಟ! ಮತ್ತೆ ತೂತು ಎನ್ನುವುದಕ್ಕಿಂತ ಗುಳಿ ಎಂದರೆ ಸುಳಿ-ಗುಳಿ ಪ್ರಾಸವೂ ಬರುತ್ತದೆ.

ಲೆಕ್ಕದಮೇಷ್ಟ್ರು:
ಪ್ರಾಸಕ್ಕಾಗಿ ಭೌತಶಾಸ್ತ್ರ ಬಲಿ ಕೊಡಬೇಡಿ ಮಾರಾಯರೇ. ತೂತು ಆರಪಾರ ಇರುತ್ತದೆ. ಗುಳಿಗೆ ತಳ ಇರುತ್ತದೆ. ಎರಡೂ ಬೇರೆ ಬೇರೆ ರೀತಿ ನಡೆದುಕೊಳ್ಳುತ್ತವೆ. ಆರಪಾರ ತೂತಿನಲ್ಲಿ ಎರಡು ಕ್ವಾಂಟಮ್ ಬಿದ್ದರೆ ಕರೆಂಟ್ ತೂತಿನ ಸುತ್ತ ಒಟ್ಟಾಗಿ ಹರಿಯುತ್ತದೆ, ಒಳಗೆ ತಿರುಳು ಎಂಬುದೇ ಇಲ್ಲ. ತಳದಲ್ಲಿ ತೆಳ್ಳಗೆ ಲೋಹ ಉಳಿದಿರುವ ಗುಳಿಯಲ್ಲಾದರೆ ಎರಡು ಸುಳಿಗಳೂ ಬಿಡಿಬಿಡಿಯಾಗಿ ಇರುತ್ತವೆ, ಒಂದನ್ನೊಂದು ತಳ್ಳುತ್ತಾ. 1996ರಲ್ಲಿ ಬೆಜ್ರಿಯಾದಿನ್ ಮತ್ತು ಪ್ಯಾನೆತಿಯೆ ತಂಡ ಎರಡೂ ಬಗೆಯದ್ದನ್ನು ಮಾಡಿ ನೋಡಿದೆ.

ಪದಚಿಂತಕ:
ಸರಿ, ತೂತು ತೂತೇ ಆಗಲಿ. ಗೂಟವನ್ನಂತೂ ಬಿಡುವುದಿಲ್ಲ.

ಗೂಟ:
ನನ್ನ ಅನುಮತಿ ಇದೆ.

ಸುಮ್ನೆಓದುವವ:
ಹಾಗಾದರೆ ಇನ್ನೊಂದು ಪ್ರಶ್ನೆ. ಸುಳಿಗಳಿಗೆ ತ್ರಿಕೋನ ಜೋಡಣೆ ಇಷ್ಟ ಎಂದು ಎಲ್ಲ ಕಡೆ ಬರೆದಿರುತ್ತಾರೆ. ಇವರು ಚೌಕದಲ್ಲಿ ತೂತು ಕೊರೆದರೆ ಅವು ಒಪ್ಪುತ್ತವಾ?

ಲೆಕ್ಕದಮೇಷ್ಟ್ರು:
ಒಳ್ಳೆಯ ಪ್ರಶ್ನೆ. ಒಪ್ಪುತ್ತವೆ, ಏಕೆಂದರೆ ಚೌಕಕ್ಕೂ ತ್ರಿಕೋನಕ್ಕೂ ಶಕ್ತಿಯಲ್ಲಿ ವ್ಯತ್ಯಾಸ ತೀರಾ ಕಡಿಮೆ. ಸುಳಿಗಳ ಸಿದ್ಧಾಂತ ಕೊಟ್ಟ ಅಬ್ರಿಕೊಸೊವ್ 1957ರ ಲೇಖನದಲ್ಲಿ ಚೌಕ ಎಂದೇ ಬರೆದಿದ್ದರು. 1964ರಲ್ಲಿ ಕ್ಲೈನರ್, ರಾತ್, ಆಟ್ಲರ್ ಮತ್ತೆ ಲೆಕ್ಕ ಹಾಕಿ ತ್ರಿಕೋನವೇ ಕೆಳಗಿನದು ಎಂದರು. ಎರಡರ ನಡುವೆ ಅಂತರ ಎಷ್ಟು ಗೊತ್ತಾ? ಶಕ್ತಿ ತೂಗುವ ಅಂಕಿ ಚೌಕಕ್ಕೆ 1.18, ತ್ರಿಕೋನಕ್ಕೆ 1.16. ಅಷ್ಟು ಸಣ್ಣ ಆಸೆಯನ್ನು ಒಂದು ತೂತು ಸುಲಭವಾಗಿ ಮರೆಸುತ್ತದೆ. 1967ರಲ್ಲಿ ಎಸ್ಮನ್ ಮತ್ತು ಟ್ರಾಯ್ಬ್ಲೆ ಸೀಸ-ಇಂಡಿಯಂ ಮೇಲೆ ಸಣ್ಣ ಕಾಂತೀಯ ಕಣಗಳನ್ನು ಉದುರಿಸಿ ಆ ತ್ರಿಕೋನವನ್ನು ಕಣ್ಣಾರೆ ತೋರಿಸಿದರು. ಅಬ್ರಿಕೊಸೊವ್‌ಗೆ ನೊಬೆಲ್ ಸಿಗಲು ಮಾತ್ರ 2003ರ ತನಕ ಕಾಯಬೇಕಾಯಿತು.

ಅಡ್ಡಮಾತು:
ಎಲ್ಲರೂ ಖುಷಿಯಾಗಿದ್ದೀರಿ, ನಾನು ಸ್ವಲ್ಪ ನೀರು ಸುರಿಯುತ್ತೇನೆ. 8.27ರ ಹತ್ತಿರ ತಗ್ಗು ಬಂದ ಮಾತ್ರಕ್ಕೆ "ಸುಳಿ ತೂತಿಗೆ ಬಿತ್ತು" ಎಂದು ಹೇಗೆ ಹೇಳುತ್ತೀರಿ? ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದ ಹಾಗಾಯಿತು.

ಟಿಸಿಯ ತೀರಾ ಹತ್ತಿರ ಹೋದರೆ ಕೊಹೆರೆನ್ಸ್ ಉದ್ದ ಎಷ್ಟು ಬೆಳೆಯುತ್ತದೆ ಎಂದರೆ ಎರಡು ತೂತುಗಳ ನಡುವಿನ ಪಟ್ಟಿಯಲ್ಲಿ ಸುಳಿಗೆ ಜಾಗವೇ ಇರುವುದಿಲ್ಲ. ಆಗ ನಿಮ್ಮದು ತೂತಿರುವ ಫಿಲ್ಮ್ ಅಲ್ಲ, ತಂತಿಗಳ ಬಲೆ. ಪ್ರತಿ ಕಣ್ಣಿಯ ಸುತ್ತ ಕರೆಂಟ್ ಹರಿದು ಟಿಸಿಯೇ ಕ್ಷೇತ್ರದ ಜೊತೆ ಮೇಲೆ ಕೆಳಗೆ ಆಗುತ್ತದೆ. 1962ರ ಲಿಟಲ್-ಪಾರ್ಕ್ಸ್ ಪ್ರಯೋಗದ್ದೇ ಕಥೆ. ಆ ಏರಿಳಿತದ ಅಂತರವೂ ಬಲೆಯ ಕಣ್ಣಿಗೊಂದು ಕ್ವಾಂಟಮ್. ಅಂದರೆ ಅದೇ 8.27! ರೋಧ ಅಲ್ಲೂ ಕುಸಿಯುತ್ತದೆ. ಕಟ್ಟಿದ ಸುಳಿಯೂ ಇಲ್ಲ, ಗೂಟವೂ ಇಲ್ಲ.

ಗೂಟ:
ಅಯ್ಯೋ, ಈ ಹಳೇ ಜಗಳ ಮತ್ತೆ ಶುರು. ಬ್ಯಾರ್ಟ್, ಮೊಶ್ಚಾಲ್ಕೊವ್ ಮತ್ತಿತರರು 1995ರಲ್ಲಿ ಸೀಸ-ಜರ್ಮೇನಿಯಂ ಪದರಗಳಲ್ಲಿ ತೂತು ಮಾಡಿ ತೋರಿಸಿದ್ದು ರೋಧದಲ್ಲಿ ಅಲ್ಲ, ಕಾಂತೀಯತೆಯಲ್ಲಿ. 1996ರಲ್ಲಿ ಹರಾದಾ, ಟೊನೊಮುರ ತಂಡ ನಯೋಬಿಯಂನಲ್ಲೇ ಲೊರೆಂಟ್ಸ್ ಮೈಕ್ರೋಸ್ಕೋಪಿಯಿಂದ (ಕಾಂತಕ್ಷೇತ್ರವನ್ನು ತೋರಿಸುವ ಎಲೆಕ್ಟ್ರಾನ್ ಮೈಕ್ರೋಸ್ಕೋಪಿ) ಸುಳಿಗಳು ಗೂಟದ ಸಾಲಿನಲ್ಲಿ ಕೂರುವುದನ್ನೇ ಚಿತ್ರ ಹಿಡಿದಿದೆ. ಕಣ್ಣಿಗೆ ಕಂಡದ್ದನ್ನೂ ನಂಬಬಾರದಾ?

ಅಡ್ಡಮಾತು:
ಅವರು ಕಂಡದ್ದು ನಿಜ. ಇವರು ಕಂಡದ್ದು ಏನು ಎಂಬುದೇ ಪ್ರಶ್ನೆ. ಎರಡೂ ನಿಜವಾಗಿರುವ ವಿಷಯಗಳು. ಯಾವ ಉಷ್ಣತೆಯಲ್ಲಿ ಯಾವುದು ಎಂದು ಹೇಳದೆ "ಪಿನ್ನಿಂಗ್" ಎಂದು ತಲೆಬರಹ ಹಾಕುವುದಕ್ಕೆ ನನ್ನ ತಕರಾರು.

ಲೆಕ್ಕದಮೇಷ್ಟ್ರು:
ಲೆಕ್ಕ ಹಾಕಿದರೆ ಮುಗಿಯಿತಲ್ಲ, ಬಾಯಿಮಾತೇಕೆ. ತೂತುಗಳ ನಡುವೆ ಉಳಿದ ಲೋಹದ ಅಗಲ 500 ಕಳೆ 200, ಅಂದರೆ 300 ನ್ಯಾನೊಮೀಟರ್. ಪಟ್ಟಿಯ ಅಗಲ ಕೊಹೆರೆನ್ಸ್ ಉದ್ದದ 1.84ರಷ್ಟಕ್ಕಿಂತ ಕಡಿಮೆಯಾದರೆ ತಂತಿ ಬಲೆ ಎಂದು ಲೆಕ್ಕ. ಸೊನ್ನೆ ಕೆಲ್ವಿನ್‌ಗೆ 10 ಎಂದು ಹಿಡಿದರೆ ಆ ಗಡಿ ಬರುವುದು ಟಿಸಿಗಿಂತ ಸುಮಾರು 32 ಮಿಲಿಕೆಲ್ವಿನ್ ಕೆಳಗೆ, 8.57ರ ಹತ್ತಿರ. ಇವರು ಅಳೆದದ್ದು 8.5ರಲ್ಲಿ. ಅಲ್ಲಿ 1.84 ಪಟ್ಟು ಎಂದರೆ 171. ಪಟ್ಟಿ 300. ಸುಳಿಗೆ ಜಾಗ ಇದೆ. ಹಾಗಾಗಿ ಈ ಸುತ್ತಿನಲ್ಲಿ ಗೂಟ ಗೆದ್ದಿದೆ.

ಅಡ್ಡಮಾತು:
ಆ 10 ಎಲ್ಲಿಂದ ಬಂತು? ಈ ಫಿಲ್ಮಿನಲ್ಲಿ ಅಳೆದದ್ದಾ?

ತಣ್ಣನೆತಂತಿ:
ಅಳೆದದ್ದಲ್ಲ, ನಾನೇ ಅಂದಾಜು ಹಾಕಿದ್ದು. ಅವರ ತಕರಾರು ಸರಿ. ತೂತಿಲ್ಲದ ಪಕ್ಕದ ತುಂಡಿನಲ್ಲಿ ಮೇಲಿನ ಕ್ರಿಟಿಕಲ್ ಕ್ಷೇತ್ರವನ್ನು (ಅತಿವಾಹಕತೆ ಅಳಿದುಹೋಗುವ ಕ್ಷೇತ್ರ) ಉಷ್ಣತೆಯ ಜೊತೆ ಅಳೆದರೆ ಕೊಹೆರೆನ್ಸ್ ಉದ್ದ ಸಿಗುತ್ತದೆ. ಅದನ್ನು ಮೊದಲೇ ಮಾಡಿಟ್ಟುಕೊಳ್ಳಬೇಕಿತ್ತು. ಒಂದು ವೇಳೆ 18 ಬಂದರೆ 8.5 ಕೂಡ ಬಲೆಯ ಕಡೆಗೇ ಬೀಳುತ್ತದೆ.

ಆದರೆ ಇದಕ್ಕಿಂತ ನೇರ ದಾರಿ ಇದೆ. ಇನ್ನೂ ಕೆಳಗೆ ಇಳಿಯಿರಿ, 8.2 ಅಥವಾ 8.0 ಕೆಲ್ವಿನ್. ಅಲ್ಲಿ ಕ್ರಿಟಿಕಲ್ ಕರೆಂಟ್ ಅಳೆಯಿರಿ. ಟಿಸಿ ಏರಿಳಿತದ ಆಟ ಗಡಿಯ ಹತ್ತಿರ ಮಾತ್ರ, ಅಷ್ಟು ಕೆಳಗೆ ಬರುವುದಿಲ್ಲ. ಅಲ್ಲೂ 8.27 ಮಿಲಿಟೆಸ್ಲಾದಲ್ಲಿ ಶಿಖರ ಕಂಡರೆ ಅದು ಗೂಟವೇ.

ಕ್ಯೂಬಿಟ್‌ಗಿರಾಕಿ:
ನೀವೆಲ್ಲ ಸುಳಿಯನ್ನು ಕಟ್ಟಿಹಾಕಿ ಸಂಭ್ರಮಿಸುತ್ತೀರಿ, ಕ್ಯೂಬಿಟ್ (ಕ್ವಾಂಟಮ್ ಕಂಪ್ಯೂಟರಿನ ಬಿಟ್) ಮಾಡುವ ನಮಗೆ ಅದು ತಲೆನೋವು. ಮೈಕ್ರೋವೇವ್ ರೆಸೊನೇಟರ್‌ನಲ್ಲಿ ಒಂದು ಸುಳಿ ಅಲ್ಲಾಡಿದರೂ ಶಕ್ತಿ ಸೋರುತ್ತದೆ. ನಾವು ಪಟ್ಟಿಯನ್ನೇ ಕಿರಿದಾಗಿ ಮಾಡುತ್ತೇವೆ. ಪಟ್ಟಿಯ ಅಗಲದ ವರ್ಗದಿಂದ ಕ್ವಾಂಟಮ್ ಭಾಗಿಸಿ, ಹೆಚ್ಚುಕಡಿಮೆ ಅಷ್ಟು ಕ್ಷೇತ್ರದ ತನಕ ತಣ್ಣಗಾಗುವಾಗ ಸುಳಿ ಒಳಗೆ ಉಳಿಯುವುದಿಲ್ಲ. ಸ್ಟ್ಯಾನ್, ಫೀಲ್ಡ್, ಮಾರ್ಟಿನಿಸ್ 2004ರಲ್ಲಿ ನಯೋಬಿಯಂ ಪಟ್ಟಿಗಳಲ್ಲಿ ನೋಡಿದ್ದು ಇದನ್ನೇ. 10 ಮೈಕ್ರೋಮೀಟರ್ ಪಟ್ಟಿಗೆ 0.02 ಮಿಲಿಟೆಸ್ಲಾ, ಭೂಮಿಯ ಕ್ಷೇತ್ರವೂ ಜಾಸ್ತಿಯಾಯಿತು. 5 ಮೈಕ್ರೋಮೀಟರ್‌ಗೆ 0.08, ಬಚಾವ್.

ಗೂಟ:
ನಿಮ್ಮ ಕಡೆಯವರೂ ತೂತು ಕೊರೆಯುತ್ತಾರಲ್ಲ! ಓಡಿಸಲು ಆಗದ ಕಡೆ, ರೆಸೊನೇಟರಿನ ಅಗಲವಾದ ಲೋಹದಲ್ಲಿ ತೂತಿಟ್ಟು ಕಟ್ಟಿಹಾಕುತ್ತೀರಿ.

ಕ್ಯೂಬಿಟ್‌ಗಿರಾಕಿ:
ಹೌದು, ಕೂತ ಸುಳಿ ತೊಂದರೆ ಕೊಡುವುದು ಕಡಿಮೆ. ತಿರುಗಾಡುವ ಸುಳಿಯೇ ಕಾಟ.

ಸುಮ್ನೆಓದುವವ:
ತೂತಿನ ಬದಲು ಅಯಸ್ಕಾಂತದ ಚುಕ್ಕೆ ಇಟ್ಟರೆ? ಕಾಂತಹರಿವನ್ನು ಹಿಡಿಯಲು ಅದೇ ಸರಿ ಅನಿಸುತ್ತದೆ.

ಗೂಟ:
ಮಾಡಿದ್ದಾರೆ. 1997ರಲ್ಲಿ ಮಾರ್ಟಿನ್, ವೆಲೆಸ್, ನೊಗೆಸ್, ಶುಲ್ಲರ್ ನಯೋಬಿಯಂ ಫಿಲ್ಮಿನ ಕೆಳಗೆ ನಿಕ್ಕಲ್ ಚುಕ್ಕೆ ಇಟ್ಟು ಇದೇ ತಗ್ಗುಗಳನ್ನು ನೋಡಿದರು. ಚುಕ್ಕೆಯ ಕಾಂತದಿಕ್ಕು ಮೇಲೋ ಕೆಳಗೋ ನಿಂತಿದ್ದರೆ ಇನ್ನೂ ಮಜಾ. ಒಂದೇ ದಿಕ್ಕಿನ ಸುಳಿಯನ್ನು ಸೆಳೆಯುತ್ತದೆ, ತಿರುಗುಮುರುಗು ಸುಳಿಯನ್ನು ದೂಡುತ್ತದೆ. 2003ರಲ್ಲಿ ಲಾಂಗೆ ಮತ್ತಿತರರು ಸೀಸದ ಫಿಲ್ಮಿನ ಮೇಲೆ ಕೋಬಾಲ್ಟ್-ಪಲ್ಲೇಡಿಯಂ ಚುಕ್ಕೆ ಇಟ್ಟಾಗ ಸೊನ್ನೆ ಕ್ಷೇತ್ರಕ್ಕಿಂತ ಕ್ಷೇತ್ರ ಹಾಕಿದಾಗಲೇ ಅತಿವಾಹಕತೆ ಚೆನ್ನಾಗಿತ್ತು. ಹೊರಗಿನ ಕ್ಷೇತ್ರ ಚುಕ್ಕೆಗಳ ನಡುವಿನ ಕ್ಷೇತ್ರವನ್ನು ಅಳಿಸಿಬಿಡುತ್ತದೆ. ಅದೇ ವರ್ಷ ವಿಯೆಗಾಸ್ ಮತ್ತಿತರರು ತ್ರಿಕೋನದ ನಿಕ್ಕಲ್ ತುಂಡುಗಳನ್ನಿಟ್ಟು, ಹಿಂದೆ ಮುಂದೆ ತಳ್ಳಿದರೂ ಸುಳಿ ಒಂದೇ ಕಡೆ ಸಾಗುವಂತೆ ಮಾಡಿದರು. ಕ್ಷೇತ್ರ ಏರಿಸಿದರೆ ಸಾಗುವ ದಿಕ್ಕೇ ತಿರುಗಿತು, ತೂರಿ ಕೂತ ನಡುವಿನ ಸುಳಿಗಳ ಕಿತಾಪತಿಯಿಂದ.

ಅಡ್ಡಮಾತು:
ಹಾಗಾದರೆ ಇವರ 1.75 ಕೂಡ ಕಾಂತೀಯ ಕಸದಿಂದ ಇರಬಹುದಲ್ಲ?

ತಣ್ಣನೆತಂತಿ:
ಪರೀಕ್ಷೆ ಸುಲಭ. ಮ್ಯಾಗ್ನೆಟ್ಟನ್ನು −5 ಟೆಸ್ಲಾಗೆ ಒಯ್ದು ಸೊನ್ನೆಗೆ ತಂದರೆ ಜರುಗುವಿಕೆ ಇನ್ನೊಂದು ಬದಿಗೆ ಹೋಗುತ್ತದೆ. ಕಸವೂ ತಿರುಗಬಹುದು ಎನ್ನುತ್ತೀರಾ? ತೂಗಿಸಿ ಸೊನ್ನೆಗೆ ತಂದು, ಹಾಲ್ ಪ್ರೋಬ್ (ಕಾಂತಕ್ಷೇತ್ರ ಅಳೆಯುವ ಸಾಧನ) ಇಟ್ಟು ನೋಡಲಿ. ಪ್ರೋಬ್‌ನಲ್ಲಿ ಸೊನ್ನೆ ಇದ್ದೂ ಗ್ರಾಫ್ ಜರುಗಿದ್ದರೆ ಆಗ ಕಸದ ಮಾತಾಡೋಣ.

ನಯೋಬಿಯಂ_ಪರದಾಟ:
ಎಲ್ಲ ಓದಿದೆ. ನಾಲ್ಕು ದಿನ ಲ್ಯಾಬಿನಲ್ಲೇ ಇದ್ದೆ, ಈಗ ಹೇಳುತ್ತೇನೆ.

ತೂಗಿಸಿ ಇಳಿಸಿದ ಮೇಲೆ ಮಧ್ಯದ ತಗ್ಗು ಸೊನ್ನೆಗೆ ಬಂತು. ಎರಡೂ ಕಡೆ ಸಮ. ಹಾಲ್ ಪ್ರೋಬ್ ಕೂಡ ಒಪ್ಪಿತು. ಕಸದ ಮಾತು ಮುಗಿಯಿತು.

ತೂತಿಲ್ಲದ ತುಂಡಿನಲ್ಲಿ ಅಳೆದಾಗ ಸೊನ್ನೆ ಕೆಲ್ವಿನ್ ಲೆಕ್ಕಕ್ಕೆ ಕೊಹೆರೆನ್ಸ್ ಉದ್ದ 11 ಬಂತು. ಮೇಡಂ ಅಂದಾಜಿಗೆ ಹತ್ತಿರ.

8.2 ಕೆಲ್ವಿನ್ ಉಷ್ಣತೆಯಲ್ಲಿ ಕ್ರಿಟಿಕಲ್ ಕರೆಂಟ್ ಅಳೆದೆ, 1 ಮೈಕ್ರೋವೋಲ್ಟ್ ಗಡಿ ಇಟ್ಟುಕೊಂಡು. 8.3 ಮಿಲಿಟೆಸ್ಲಾ ಹತ್ತಿರ ಸ್ಪಷ್ಟ ಶಿಖರ. ಎರಡನೆಯದು ತುಂಬಾ ಚಿಕ್ಕದು, ಬರೀ ಒಂದು ಉಬ್ಬು. ಏಕೆ ಅಂತ ಗೊತ್ತಾಗಲಿಲ್ಲ.

ಇನ್ನೊಂದು. ಹಳೇ ಗ್ರಾಫಿನಲ್ಲಿ +5.9 ಮತ್ತು −2.4ರಲ್ಲಿ ಸಣ್ಣ ಡೊಂಕು ಇತ್ತು, ನಾಯ್ಸ್ ಎಂದು ಬಿಟ್ಟಿದ್ದೆ. 1.75 ಕಳೆದರೆ ಎರಡೂ 4.15 ಆಗುತ್ತವೆ!

ಲೆಕ್ಕದಮೇಷ್ಟ್ರು:
ಶಭಾಷ್. ಅದು ಅರ್ಧದ ಹೊಂದಾಣಿಕೆ. ಒಂದು ಬಿಟ್ಟು ಒಂದು ತೂತಿನಲ್ಲಿ ಸುಳಿ, ಚದುರಂಗದ ಹಲಗೆಯ ಕಪ್ಪು ಮನೆಗಳ ಹಾಗೆ.

ಅಡ್ಡಮಾತು:
ಅರ್ಧದ್ದು ತಂತಿ ಬಲೆಯಲ್ಲೂ ಬರುತ್ತದೆ ಎಂದು ನೆನಪಿಸುತ್ತಾ, 8.2ರ ಶಿಖರಕ್ಕೆ ತಲೆಬಾಗುತ್ತೇನೆ. ಇವರ ಫಿಲ್ಮಿನಲ್ಲಿ ಗೂಟ ಇದೆ, ಒಪ್ಪಿದೆ. 8.59ರ ಗ್ರಾಫಿಗೂ ಅದೇ ಹೆಸರು ಹಾಕಿದರೆ ಮತ್ತೆ ಬರುತ್ತೇನೆ.

ಗೂಟ:
ಎರಡನೆಯದು ಚಿಕ್ಕದಾಗಿದ್ದಕ್ಕೆ ಕಾರಣ ತೂತಿನ ಹೊಟ್ಟೆ. ಮ್ಕ್ರ್ಟ್‌ಚ್ಯಾನ್ ಮತ್ತು ಶ್ಮಿತ್ 1972ರಲ್ಲಿ ಕೊಟ್ಟ ಲೆಕ್ಕ: ತೂತಿನ ತ್ರಿಜ್ಯವನ್ನು ಕೊಹೆರೆನ್ಸ್ ಉದ್ದದ ಎರಡರಷ್ಟರಿಂದ ಭಾಗಿಸಿ. ನಿಮ್ಮದು 100. 8.2ರಲ್ಲಿ ಕೊಹೆರೆನ್ಸ್ ಉದ್ದ ಸುಮಾರು 51. ಹೆಚ್ಚುಕಡಿಮೆ ಒಂದು ಬರುತ್ತದೆ. ಒಂದೊಂದು ತೂತಿಗೆ ಒಂದೇ ಸುಳಿ. ಎರಡನೆಯ ಸುಳಿ ನಾಲ್ಕು ತೂತುಗಳ ನಡುವಿನ ಬಯಲಲ್ಲಿ ನಿಲ್ಲಬೇಕು. ಅದನ್ನು ಹಿಡಿದಿರುವುದು ಅಕ್ಕಪಕ್ಕದ ಸುಳಿಗಳು ತಳ್ಳುವ ಬಲ ಮಾತ್ರ. ಸ್ವಲ್ಪ ಕರೆಂಟ್ ಸಾಕು, ಜಾರಿ ಹೋಗುತ್ತದೆ.

ಲೆಕ್ಕದಮೇಷ್ಟ್ರು:
ಆ ಸೂತ್ರ ಒಂಟಿ ತೂತಿಗೆ. ಸಾಲಿನಲ್ಲಿ ಪಕ್ಕದವರು ಒತ್ತುವುದರಿಂದ ಇನ್ನೊಂದು ಒಳಗೆ ತೂರಬಹುದು.

ಗೂಟ:
ಗೊತ್ತು ಮೇಷ್ಟ್ರೇ, ಅದಕ್ಕೇ "ಹೆಚ್ಚುಕಡಿಮೆ" ಎಂದದ್ದು.

ಸುಮ್ನೆಓದುವವ:
ಹಾಗಾದರೆ 300 ನ್ಯಾನೊಮೀಟರ್ ತೂತು ಕೊರೆದರೆ ಎರಡೂ ಒಳಗೆ ಹೋಗುತ್ತವಾ?

ತಣ್ಣನೆತಂತಿ:
ಹೋಗಬಹುದು, ಆದರೆ ಪಟ್ಟಿ 200ಕ್ಕೆ ಇಳಿಯುತ್ತದೆ. ಆಗ ತಂತಿ ಬಲೆಯ ಗಡಿ ಟಿಸಿಯಿಂದ ಸುಮಾರು 90 ಮಿಲಿಕೆಲ್ವಿನ್ ಕೆಳಗೆ ಬರುತ್ತದೆ, 8.51ಕ್ಕೆ. ಇವರ 8.5 ಗಡಿಯ ಮೇಲೇ ಬಂದು ಕೂರುತ್ತದೆ.

ಅಡ್ಡಮಾತು:
ಆಗ ನಾನು ಹಾಜರ್.

ನಯೋಬಿಯಂ_ಪರದಾಟ:
ಗೈಡ್‌ಗೆ ತೋರಿಸಿದೆ. "ನಾನು ಮೊದಲೇ ಹೇಳಿದೆನಲ್ಲ, ತೂತು ಚೆನ್ನಾಗಿದೆ ಎಂದು" ಅಂದರು. ಈಗ 300ರ ಸ್ಯಾಂಪಲ್ ಮಾಡು ಅಂತಿದ್ದಾರೆ.

ಪದಚಿಂತಕ:
ಹೊಸ ಸ್ಯಾಂಪಲ್ಲಿನಲ್ಲಿ ಗುಳಿ ಮಾಡಿ ದಯವಿಟ್ಟು. ತಳ ಇರುವ ಗುಳಿ.